ಐದನೆಯ ಗಾಜು

ನಮೂನೆ ಏಳು. ಪುಟ ಒಂದು.
ವಾಸ್ತುಶಿಲ್ಪಿಯ ಹೆಸರು: ತಿಳಿಯದು.
ಇಲ್ಲಿ ಬಾಳಿದ ಗಣ್ಯರು: ಯಾರೂ ಇಲ್ಲ.
ಬೂಟು ಕಳಚಿ, ಅವರು ಕೊಟ್ಟ ಉಣ್ಣೆಯ ಚಪ್ಪಲಿ ಮೆಟ್ಟಿ
ಅಳತೆಪಟ್ಟಿ ಹಿಡಿದು ನಿಂತಿದ್ದೇನೆ
ಕೌನಸ್ ಊರಿನ ಹಸಿರುಗುಡ್ಡದ ಇಳಿಜಾರಲ್ಲಿ,
ನಗರಸಭೆಯ ಸಂಬಳದವಳು.

ಕೆಳಗೆ ಪೇಟೆಬೀದಿಯಲ್ಲಿ ಆ ಕಾಲದ ದೊಡ್ಡ ಮನೆಗಳಿವೆ,
ಹಡಗಿನ ಹಾಗೆ ದುಂಡು ಮೂಲೆ, ಬಾಗಿಸಿದ ಗಾಜು.
ಅವಕ್ಕೆ ಫಲಕ, ಪ್ರವಾಸಿಗರು, ರಾತ್ರಿ ದೀಪ.
ಇದು ಅಂಚೆ ಗುಮಾಸ್ತನ ಮನೆ. ಮರದ್ದು.
ಸಾವಿರದ ಒಂಬೈನೂರ ಮೂವತ್ತಾರು.
ಜಿಗ್ಮಸ್ ಬಾಲ್ಚೀಟಿಸ್ ದಿನವೂ ಆ ಬೀದಿ ಹಾದೇ
ಕೆಲಸಕ್ಕೆ ಹೋಗುತ್ತಿದ್ದನಂತೆ, ನೋಡುತ್ತ, ನೋಡುತ್ತ.
ಬಾಗಿಸಿದ ಗಾಜಿಗೆ ಆರು ತಿಂಗಳ ಸಂಬಳ.
ಅದಕ್ಕೇ ಬಡಗಿಯನ್ನು ಕರೆದು
ಕಿರಿದಾದ ಐದು ಸಪಾಟು ಗಾಜುಗಳನ್ನು
ಒಂದರ ಮಗ್ಗುಲಿಗೊಂದು ತುಸು ತುಸುವೇ ಓರೆಯಿಟ್ಟು
ಮೂಲೆಯನ್ನು ದುಂಡಗೆ ಮಾಡಿಸಿದ.
ದುಂಡಗೆ ಅಂದರೆ, ದೂರದಿಂದ.
ಕಣ್ಣು ಕಿರಿದು ಮಾಡಿ ನೋಡಿದರೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚಿದವನು
ಕಿರುಬೆರಳೊಂದನ್ನು ಹೊರಗೆ ಬಿಟ್ಟಿದ್ದ.

ಇದಕ್ಕೆಷ್ಟು ಅಂಕ?

ದಾಂಗುವೋಲೆ ಚಹಾ ತಂದರು.
"ಬಾಗಿಲಿಗೆ ಮೂರು ಕರೆಗಂಟೆ ಯಾಕೆ, ಕೇಳು" ಅಂದರು.
ಯುದ್ಧ ಮುಗಿದ ಮೇಲೆ ಸರ್ಕಾರ
ಮನೆಯನ್ನು ರೈ ರೊಟ್ಟಿಯಂತೆ ಕೊಯ್ದು ಮೂರು ಸಂಸಾರಕ್ಕೆ ಹಂಚಿತು.
ಅಡುಗೆಮನೆಯ ನಟ್ಟನಡುವೆ ಗೋಡೆ ಬಂತು;
ಬಿಳಿ ಬಿಲ್ಲೆಗಳ ಒಲೆಯ ಬಾಯಿ ಒಬ್ಬರ ಪಾಲಿಗೆ,
ಬೆಚ್ಚನೆ ಬೆನ್ನು ಇನ್ನೊಬ್ಬರಿಗೆ.
ಸೌದೆ ಯಾರದು ಅಂತ ಹನ್ನೊಂದು ವರ್ಷ ಜಗಳ.
ಬಾಲ್ಚೀಟಿಸ್?
ಸಕ್ಕರೆ ಕರಗಿದ ಮೇಲೂ ಚಮಚ ತಿರುಗುತ್ತಿತ್ತು.
"ಜೂನ್ ತಿಂಗಳು. ಲಾರಿ. ಒಲೆಯ ಮೇಲೆ ಹಾಲಿತ್ತಂತೆ.
ನಾನಿನ್ನೂ ಹುಟ್ಟಿರಲಿಲ್ಲ.
ನಾನು ಮೂರನೆಯ ಕರೆಗಂಟೆಯವರ ಮಗಳು."

ಆಮೇಲೆ ಕಿಟಕಿಯ ಹತ್ತಿರ ಕರೆದರು.
ನಾಲ್ಕು ಗಾಜು ಹಳೆಯವು, ಅಲೆಯೆದ್ದ ನೀರಿನ ಹಾಗೆ;
ಆಚೆಮನೆಯ ಬೋಳು ಸೇಬಿನ ಮರ ಅವುಗಳಲ್ಲಿ ನಡುಗುತ್ತದೆ.
ಐದನೆಯದು ತುಂಡು ತುಂಡು, ಅಂಗೈಯಗಲದ ಚೌಕಗಳು.
ನಲವತ್ತಾರರ ಚಳಿಗೆ ಊರಲ್ಲೆಲ್ಲೂ ಗಾಜಿರಲಿಲ್ಲ.
ಎರಡನೆಯ ಕರೆಗಂಟೆಯ ಫೋಟೋಗ್ರಾಫರ್
ತನ್ನ ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರು, ಸೋಡಾ ಹಾಕಿ ತಿಕ್ಕಿ
ಮುಖಗಳನ್ನೆಲ್ಲ ತೊಳೆದು ಕೂರಿಸಿದನಂತೆ.
ಯಾರ ಮದುವೆಯೋ, ಯಾವ ಸಿಪಾಯಿಯೋ, ಮೋರಿ ಸೇರಿದರು.
ಒಂದನ್ನು ಮಾತ್ರ ನೆಟ್ಟಗೆ ತಿಕ್ಕಿಲ್ಲ.
"ಮೂರೂವರೆಗೆ ನೋಡು. ಚಳಿಗಾಲದಲ್ಲಿ ಮಾತ್ರ."

ಕಾದೆವು. ನನ್ನ ಮುಂದಿನ ಮನೆಯ ಹೊತ್ತು ಮೀರಿತ್ತು.
ಬಿಸಿಲು ಗುಡ್ಡದ ಭುಜಕ್ಕಿಳಿದು ಓರೆಯಾಗಿ ಬಂದಾಗ
ಗಾಜಿನ ಕೆಳಮೂಲೆಯಲ್ಲಿ
ಒಂದು ಕಿವಿ. ಕಾಲರಿನ ತುದಿ. ಅಷ್ಟೆ.
ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ಬಯಲು.
ನನ್ನ ಉಸಿರು ತಾಗಿ ಮಂಜು ಕವಿಯಿತು,
ಮುಖ ತಿರುಗಿಸಿ ಉಸಿರಾಡಿದೆ.

"ಯಾರು?"
"ಯಾರಿಗೆ ಗೊತ್ತು.
ಈ ಮನೆಯ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದಾನೆ."

ಹಾಗಂದವರೇ ಡ್ರಾಯರಿನಿಂದ ರಸೀದಿ ತೆಗೆದಿಟ್ಟರು.
ಪ್ಲಾಸ್ಟಿಕ್ ಚೌಕಟ್ಟು. ಎರಡು ಪದರದ ಗಾಜು.
ಮುಂಗಡ ಪಾವತಿಯಾಗಿದೆ, ಗುರುವಾರ ಬರುತ್ತಾರೆ.
ಮಂಡಿಯ ಮೇಲಿನ ಶಾಲು ಬಿಗಿಮಾಡಿಕೊಂಡು,
"ನೀನು ಬರೆ ಮಗಳೇ, ಬೇಡ ಅನ್ನೋದಿಲ್ಲ.
ಬೆಲೆ ನೀನು ಕಟ್ಟು.
ಗ್ಯಾಸಿನ ಬಿಲ್ಲು ಯಾರು ಕಟ್ಟೋದು?"

ನಾನಿರುವುದು ಒಂಬತ್ತನೆಯ ಮಹಡಿ.
ಗೋಡೆಯ ಕೊಳವೆಯಲ್ಲಿ ಬಿಸಿನೀರು ಹರಿಯುತ್ತದೆ,
ನನ್ನ ಕಿಟಕಿಗೆ ಕಿವಿಯಿಲ್ಲ.
ಏನಂತ ಉತ್ತರ ಕೊಡಲಿ.

ಪುಟ ಎರಡು. ವಿಶೇಷ ಟಿಪ್ಪಣಿಗೆ ಎರಡೇ ಸಾಲು.
ದುಂಡು ಮೂಲೆ, ಐದು ಸಪಾಟು ಗಾಜು; ಬಡಗಿ ಯಾರೋ ತಿಳಿಯದು.
ಹಾಲಿ ವಾಸವಿರುವವರು: ಇಬ್ಬರು.

ಬೂಟಿನ ದಾರ ಬಿಗಿಯುವಾಗ ಬಾಗಿಲಿಗೆ ಬಂದರು.
"ಗುರುವಾರ ಬಿಡುವಿದೆಯಾ?
ಬರುವಾಗ ಹಳೇ ಪೇಪರ್ ತಾ, ಜಾಸ್ತಿ ತಾ.
ಒಂದನ್ನಾದರೂ ಸುತ್ತಿಡಬೇಕು."