ಹದಿನೈದು, ಹದಿನಾರು

ಬೈತಖೋಲದ ಹಳೇ ಗೋದಾಮಿಗೆ ಹೊಸ ಸುಣ್ಣ.
ಟಿಕೇಟು ಹತ್ತು ರೂಪಾಯಿ, ಚಪ್ಪಲಿ ಹೊರಗೆ.
ಒಳಗೆ ಗಾಜಿನ ಕೆಳಗೆ ಮಲಗಿದೆ
ಕೊಡೆ ಹಿಡಿದ ನಮ್ಮ ಏಡಿ,
ಐವತ್ತು ಮಳೆಗಾಲ ಕಳೆದರೂ ಒದ್ದೆಯಾಗದೆ.

ಬಾಂದೇಕರ ಮಾಸ್ತರರ ಪೆನ್ಸಿಲು ಬಣ್ಣದಡಿ ಇನ್ನೂ ಕಾಣುತ್ತದೆ.
ಎರಡು ಸಲ ಅಳಿಸಿಕೊಂಡು
ಮೂರನೇ ಸಲಕ್ಕೆ ಕೂತಿದೆ ಸದಾಶಿವಗಡದ ಗುಡ್ಡ.
ಕಾಳಿ ನದಿಯ ಮೇಲೆ ಚಹಾ ಲೋಟದ ಉಂಗುರ.
ಒಂದು ಚಿತ್ರದಲ್ಲಿ ಏಡಿಗೆ ಒಂದು ಕಾಲು ಕಮ್ಮಿ;
ಅಂಚಿನಲ್ಲಿ ಅವರದೇ ಸಣ್ಣ ಅಕ್ಷರ:
‘ಇರಲಿ.’

ಕೋಡಿಬಾಗದ ಶಾಲೆಯಲ್ಲಿ ಇದ್ದದ್ದು ಒಂದೇ ಪ್ರತಿ.
ನಲವತ್ತೊಂದು ಮಕ್ಕಳು, ಒಂದು ಏಡಿ,
ಅದರಲ್ಲೂ ಒಂದು ಹಾಳೆ ಇರಲಿಲ್ಲ.
ಹದಿನಾಲ್ಕರಲ್ಲಿ ಏಡಿ ಕೊಡೆ ಬಿಚ್ಚಿ ನೀರಿಗಿಳಿಯುತ್ತದೆ,
ಹದಿನೇಳರಲ್ಲಿ ದಡದ ಮೇಲೆ
ಬರಿಗೈಯಲ್ಲಿ ಕೂತು ನಗುತ್ತದೆ.
ನಡುವೆ ಹೊಲಿಗೆಯ ದಾರ,
ಹರಿದ ಕಾಗದದ ಹಲ್ಲು.

ಅಲ್ಲಿ ಅಕ್ಕೋರು ಪುಸ್ತಕ ಮಡಚುತ್ತಿದ್ದರು:
‘ಹೇಳಿ ನೋಡೋಣ, ಕೊಡೆ ಏನಾಯ್ತು?’
ತೊರಕೆ ಮೀನು ಕದ್ದೊಯ್ತು, ಎಂದ ಉಲ್ಲಾಸ ಹರಿಕಂತ್ರ.
ದೇವಗಡದ ದೀಪಸ್ತಂಭಕ್ಕೆ ಟೋಪಿಯಾಯ್ತು, ಎಂದಳು ಜುಲೇಖಾ.
ನಾನು ಕಟ್ಟಿದ್ದೇ ಎಲ್ಲಕ್ಕಿಂತ ಉದ್ದ:
ಸಮುದ್ರದ ತಳದಲ್ಲೊಂದು ಮದುವೆ,
ಮದುಮಗಳ ಮೇಲೆ ಚಪ್ಪರವಿಲ್ಲ,
ಏಡಿ ಅತ್ತು ಅತ್ತು ಕೊಡೆ ಕೊಟ್ಟಿತು.
ಬಹುಮಾನ: ಎರಡು ತುಂಡು ಚಾಕು, ಒಂದು ಗುಲಾಬಿ ಬಣ್ಣದ್ದು.

ಕಿಟಕಿಯ ಬುಡದಲ್ಲಿ ಕೂರುತ್ತಿದ್ದ ಮಂಕಾಳಿ,
ಕೊರಳ ತುಂಬ ಮಣಿಸರ, ವರ್ಷಕ್ಕೆ ಒಂದೋ ಎರಡೋ ಮಾತು.
ಅಂದು ಬಾಯಿ ಬಿಟ್ಟಳು:
‘ಗಾಳಿ ಹೊತ್ಕಂಡ್ ಹೋತು.’
‘ಅಷ್ಟೇಯಾ?’ ಅಕ್ಕೋರು ನಕ್ಕರು.
ನಾವು ಅವರಿಗಿಂತ ಹೆಚ್ಚು ನಕ್ಕೆವು.
ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ.

ಇವತ್ತು ಏಳನೇ ಗಾಜು.
ನನ್ನ ಉಸಿರಿಗೇ ಮಸುಕಾಯಿತು; ಸೆರಗಿನಿಂದ ಒರೆಸಿದೆ,
‘ಮುಟ್ಟಬಾರದು ಬಾಯಿ’ ಎಂದ ಕಾವಲಿನ ಹುಡುಗ.
ಹದಿನೈದು, ಹದಿನಾರು, ಎರಡೂ ಪುಟ ಸೇರಿ
ಬರೀ ಆಕಾಶ.
ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು,
ಕೆಳಗೆ ನೀರಿನಿಂದೆದ್ದ ಒಂದೇ ಕೊಂಬು, ಬಿಚ್ಚಿದ್ದು.
ಅಕ್ಷರ ಹುಡುಕಿದೆ. ಇದ್ದದ್ದು ಎರಡು ಪದ:
‘ಗಾಳಿ ಬಂತು.’

ಶಾಲೆಯ ಮಕ್ಕಳ ಸಾಲು ನನ್ನನ್ನು ಎಂಟನೆಯದಕ್ಕೆ ತಳ್ಳಿತು.

ಭಾನುವಾರದ ಸಂತೆಯಲ್ಲಿ ಮಂಕಾಳಿ
ನೀಲಿ ತಾಡಪತ್ರೆಯ ಮೇಲೆ ಬಸಳೆ, ಗೆಣಸು ಹರವಿ ಕೂರುತ್ತಾಳೆ.
ಎಷ್ಟೋ ವರ್ಷದಿಂದ ಅವಳ ಹತ್ತಿರವೇ ಕೊಂಡದ್ದು,
ಶಾಲೆಯ ಮಾತು ಇಬ್ಬರೂ ಎತ್ತಿದ್ದಿಲ್ಲ.
ಇವತ್ತು ಎತ್ತಿದೆ.
‘ಎಂತಾ ಏಡಿ?’
ಚಿಲ್ಲರೆ ಎಣಿಸುತ್ತಲೇ ಕೇಳಿದಳು.
ಮೊದಲಿಂದ ಹೇಳಿದೆ: ಕೊಡೆ, ನೀರು, ಹರಿದ ಹಾಳೆ,
ನೀನು ಅಂದದ್ದು, ನಾವು ನಕ್ಕದ್ದು,
ಗಾಜಿನೊಳಗೆ ಇದ್ದದ್ದು ನಿನ್ನದೇ ಮಾತು ಎಂದು.

ಅವಳಿಗೆ ಒಂದೂ ನೆನಪಿಲ್ಲ.
‘ಕೊಡೆ ಬಿಚ್ಕಂಡ್ ಸಮುದ್ರಕ್ ಹೋದ್ರೆ
ಮತ್ತೆಂತಾ ಆತದೆ?’
ಅಂದು, ಹಾರುತ್ತಿದ್ದ ತಾಡಪತ್ರೆಯ ಅಂಚಿಗೆ
ತೂಕದ ಕಲ್ಲೊಂದನ್ನು ಇಟ್ಟಳು.

ಚೀಲ ಎತ್ತಿ ನಾಲ್ಕು ಹೆಜ್ಜೆ ಬಂದಿದ್ದೆ, ಕೂಗಿದಳು:
‘ಹೌದೇ, ಕೊಡೆ ಕಳ್ಕಂಡ್ ಮೇಲೆ
ಅದು ನಗಾಡಿದ್ದು ಎಂತಕ್ಕೆ?’

ನಲವತ್ತೊಂದು ಮಕ್ಕಳಲ್ಲಿ
ಯಾರೂ ಕೇಳಿರಲಿಲ್ಲ.