ಆರು ಅಡಿ ಏಳು ಇಂಚು

ಬೆಳಿಗ್ಗೆಯಿಂದ ನನ್ನ ಆಟೋದಲ್ಲಿ
ಮಂಡಿ ಮಡಚಿಕೊಂಡೇ ಇದ್ದ ಬರಾಕಾ.
ಪಾಸ್‌ಪೋರ್ಟಿನ ಜೆರಾಕ್ಸು, ಸಿಮ್ಮು, ನೀಲಿ ಬಕೆಟ್ಟು,
ಠಾಣೆಯಲ್ಲಿ ‘ನಾಳೆ ಬಾ.’

ಕ್ಲಾಕ್ ಟವರ್ ಹತ್ತಿರ ನಾಲ್ಕು ಅಂಗಡಿ.
ಮಂಚಗಳೆಲ್ಲ ನಮ್ಮ ಅಳತೆಗೇ ಹುಟ್ಟಿದವು.
ಐದನೆಯದರಲ್ಲಿ ಬಡಗಿ ನೂರುಲ್ಲಾ ಸಾಬರು
ಟೇಪು ಎಳೆದು ಅಂದರು:
‘ಮಲಗಪ್ಪಾ, ಇಲ್ಲೇ.’

ಕೈಸನ್ನೆಯಲ್ಲಿ ತರ್ಜುಮೆ ಮಾಡಿದೆ.
ಬೇವಿನ ಹೊಟ್ಟಿನ ಮೇಲೆ ಉದ್ದಕ್ಕೆ ಚಾಚಿಕೊಂಡ.
ನೆತ್ತಿಯಿಂದ ಹಿಮ್ಮಡಿಗೆ ಹಿಡಿದು
ಬರೆದುಕೊಳ್ಳುವಷ್ಟರಲ್ಲಿ
ಗೊರಕೆ.

ಸಾಬರು ಗರಗಸದ ಸ್ವಿಚ್ಚು ಆರಿಸಿದರು.
ಕಿವಿಯ ಪೆನ್ಸಿಲ್ಲು ಕಿವಿಗೇ ಹೋಯಿತು.

‘ಯಾವೂರಂತೆ?’
‘ಮ್ವಾಂಜಾ ಅಂತೆ. ಕೆರೆ ಪಕ್ಕ.
ಆಚೆ ದಡ ಕಾಣಲ್ವಂತೆ.’
‘ಕೋಲಾರದ್ದೂ ದೊಡ್ಡ ಕೆರೆನೇ.
ನೀರೈತಂತಾ ಅದ್ರಲ್ಲಿ?’

ಎದ್ದಮೇಲೆ ಕೇಳೋಣ, ಅಂದೆ.