ಎರಡನೇ ಚಹಾ

ಹಾಳೆಯ ಮೇಲೆ ಅದು ಬಲು ಸರಳ:
ಒಂದು ಮೂಲ, ಒಂದು ರೋಧ,
ಪಕ್ಕದಲ್ಲಿ ರೋಧ-ಧಾರಕದ ಒಂದು ಜೋಡಿ.
ಇಷ್ಟೇ ಬ್ಯಾಟರಿ, ಎಂದೆ.
ಒಳಗಿನ ಉಪ್ಪು, ಗ್ರಾಫೈಟು,
ಈ ಮನೆಯಿಂದ ಆ ಮನೆಗೆ ಅಯಾನುಗಳ ಗುಳೆ,
ಅದು ನನ್ನ ಲೆಕ್ಕಕ್ಕಿಲ್ಲ.

ಥರ್ಮಲ್ ಚೇಂಬರಿನ ಬೆಲೆ ಕೇಳಿ
ಮಾಲಕರು ಬೆರಳೆತ್ತಿ ಮಾಳಿಗೆ ತೋರಿಸಿದರು:
ಏಪ್ರಿಲಿನ ರಾಯಚೂರು, ನಲವತ್ತನಾಲ್ಕು ಡಿಗ್ರಿ, ಪುಕ್ಕಟೆ.
ತಂಪಿಗೆ, ಕೆಳಗಿನ ಕುಲ್ಫಿಯವನ ಡಬ್ಬಿ.
ಒಂದೊಂದು ಸೆಲ್ಲನ್ನೂ ತುಂಬಿಸಿ, ಬಸಿದು,
ಮತ್ತೆ ತುಂಬಿಸಿ
ಮೂರು ವಾರ ಬರೆದುಕೊಂಡೆ.
ಮೂರು ಪಾಯಿಂಟ್ ಮೂರರ ಹತ್ತಿರ ರೇಖೆ
ಎರೆಹೊಲದ ಹಾಗೆ ಚಪ್ಪಟೆ.
ಅರ್ಧ ಉಳಿದಿದೆಯೋ ಕಾಲು ಉಳಿದಿದೆಯೋ
ನಿಂತು ನೋಡಿದರೆ ದಿಕ್ಕೇ ತಿಳಿಯದು.
ಅದಕ್ಕೇ ಎಣಿಸಬೇಕು, ಒಳಬಂದದ್ದು, ಹೊರಹೋದದ್ದು,
ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ.
ಸೆನ್ಸರು ಪ್ರತಿ ಸಲ ಚೂರೇ ಚೂರು ತಪ್ಪು ಬರೆಯುತ್ತದೆ;
ತಿಂಗಳ ಕೊನೆಗೆ ಯಾರದೋ ಹೆಸರಿಗೆ
ಇಲ್ಲದ ಬಾಕಿ.

ಮಾದರಿ ಇನ್ನೂ ಹನ್ನೊಂದು ಪರ್ಸೆಂಟ್ ಅಂದ ದಿನ
ಹುಸೇನಪ್ಪನ ಆಟೋ
ತೀನ್ ಕಂದೀಲಿನಲ್ಲಿ ನಿಂತುಬಿಟ್ಟಿತು.
ಹಿಂದಿನ ಸೀಟಿನಲ್ಲಿ ನಾನು, ನನ್ನ ಲ್ಯಾಪ್‌ಟಾಪು,
ಮೂರು ಚೀಲ ಮೆಣಸಿನಕಾಯಿ ಬೇರೆ.
ನಾನು ಸಡಿಲಾದ ತಂತಿ ಹುಡುಕಿದೆ.
ಅವನು ಕೀಲಿ ತಿರುವಿ ಚಹಾ ಹೇಳಿದ.
"ದಣದದ್ರಿ ಅಕ್ಕಾರ. ಸ್ವಲ್ಪ ಸುಮ್ಮನ ಬಿಡ್ರಿ.
ಒಂದು ಚಹಾಕ್ಕ ಸ್ಟೇಷನ್ ತನಕ ಬರ್ತದ,
ಎರಡು ಚಹಾಕ್ಕ ಮನೀತನಕ."

ಲೋಟ ಆರುವ ಮುಂಚೆ ಮೀಟರ್ ಹಚ್ಚಿದೆ.
ನಲವತ್ತೇಳು. ನಲವತ್ತೆಂಟು. ನಲವತ್ತೆಂಟು ಮುಕ್ಕಾಲು.
ಯಾರೂ ಏನೂ ಕೊಡದೆ ಏರುತ್ತಿದೆ,
ಮೊದಲು ದಡಕ್ಕನೆ, ಆಮೇಲೆ ನಿಧಾನ, ಇನ್ನೂ ನಿಧಾನ,
ದಿನ ತುಂಬಿದ ಬಸುರಿ ಮೆಟ್ಟಿಲೇರಿದಂತೆ.

ಆ ರಾತ್ರಿ ಎರಡನೇ ಜೋಡಿ ಬರೆದೆ.
ಮೊದಲನೆಯದರ ಕಾಲ ಇಪ್ಪತ್ತು ಸೆಕೆಂಡು,
ಎರಡನೆಯದು ಹದಿನಾಲ್ಕು ನಿಮಿಷ.
ಕೋಡಿನಲ್ಲಿ ಅದಕ್ಕೆ ಟೌ-ಚಹಾ ಎಂದು ಹೆಸರಿಟ್ಟೆ;
ಪರಿಶೀಲಿಸಿದವರು ಟೌ-ಎರಡು ಎಂದು ತಿದ್ದಿದರು.

ಈಗ ರೇಖೆಯ ಮೇಲೆ ರೇಖೆ ಕೂರುತ್ತದೆ, ಬಹುತೇಕ.
ಮೂವತ್ತು ಪರ್ಸೆಂಟಿನ ಹತ್ತಿರ ಮಾತ್ರ
ಹನ್ನೆರಡು ಮಿಲಿವೋಲ್ಟ್ ಒಪ್ಪುತ್ತಿಲ್ಲ.
ತುಂಬುತ್ತ ಬಂದರೆ ಒಂದು ಮಾತು,
ಬರಿದಾಗುತ್ತ ಬಂದರೆ ಇನ್ನೊಂದು;
ಯಾವ ದಾರಿ ಹಿಡಿದು ಬಂದೆ ಎಂಬುದನ್ನು
ಅದು ಮರೆಯುವುದಿಲ್ಲ.
ಹುಸೇನಪ್ಪನನ್ನು ಕೇಳಬೇಕು,
ಇದಕ್ಕೂ ಅವನಲ್ಲಿ ಒಂದು ಅಳತೆ ಇರಬಹುದು.

ಸದ್ಯ ಕರೆಂಟು ಹೋಗಿದೆ.
ಲ್ಯಾಪ್‌ಟಾಪು ತನ್ನ ಬಗ್ಗೆ ತಾನೇ
ಒಂದು ಸಂಖ್ಯೆ ಹೇಳುತ್ತಿದೆ.
ನಾನು ನಂಬುತ್ತಿಲ್ಲ.